ಘೋಸ್ಟ್‌ಬಸ್ಟರ್ಸ್: ದೆವ್ವ ಹಿಡಿಯುವವರ ನಲವತ್ತು ವರ್ಷ

‘ಘೋಸ್ಟ್‌ಬಸ್ಟರ್ಸ್’ 1984ರ ಜೂನ್ 8ರಂದು ಅಮೆರಿಕದಲ್ಲಿ ತೆರೆಕಂಡ ಹಾಸ್ಯಚಿತ್ರ. ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡ ಮೂವರು ಸಂಶೋಧಕರು ನ್ಯೂಯಾರ್ಕ್‌ನಲ್ಲಿ ದೆವ್ವ ಹಿಡಿದುಕೊಡುವ ಕಂಪನಿ ತೆರೆಯುತ್ತಾರೆ, ಕೆಲಸ ಹೆಚ್ಚಾದಾಗ ನಾಲ್ಕನೆಯವನೊಬ್ಬನನ್ನು ಸಂಬಳಕ್ಕೆ ಸೇರಿಸಿಕೊಳ್ಳುತ್ತಾರೆ, ಕೊನೆಗೆ ಇಡೀ ಊರನ್ನು ಉಳಿಸುತ್ತಾರೆ. ಇಷ್ಟೇ ಕಥೆ. ಇದೇ ಹೆಸರಿನಲ್ಲಿ 1989, 2016, 2021 ಮತ್ತು 2024ರಲ್ಲಿ ಇನ್ನೂ ನಾಲ್ಕು ಚಿತ್ರಗಳು ಬಂದವು; ಜೊತೆಗೆ ಕಾರ್ಟೂನ್ ಧಾರಾವಾಹಿಗಳು, ವಿಡಿಯೊ ಗೇಮ್, ಆಟಿಕೆ, ಮಕ್ಕಳ ತಂಪುಪಾನೀಯ ಎಲ್ಲವೂ ಹುಟ್ಟಿಕೊಂಡವು. ಈ ಸರಣಿಯಲ್ಲಿ ಯಾರು ನಟಿಸಿದರು ಎಂಬುದು ಎಷ್ಟು ಮುಖ್ಯವೋ, ಯಾರಿಗೆ ನಟಿಸಲು ಆಗಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಮೊದಲ ಚಿತ್ರ ಒಬ್ಬ ನಟನ ಸಾವಿನ ನೆರಳಲ್ಲಿ ರೂಪುಗೊಂಡಿತು. ನಾಲ್ಕನೆಯ ಚಿತ್ರ ಇನ್ನೊಬ್ಬನ ಸಾವಿನ ಸುತ್ತಲೇ ಹೆಣೆದುಕೊಂಡಿತು.

ಮೂಲ ಕಲ್ಪನೆ ಡ್ಯಾನ್ ಆಯ್ಕ್ರಾಯ್ಡ್ ಅವರದು. 1952ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹುಟ್ಟಿದ ಅವರಿಗೆ ದೆವ್ವ, ಪ್ರೇತಗಳ ಮಾತು ಮನೆತನದಿಂದಲೇ ಬಂದದ್ದು. ಮುತ್ತಜ್ಜ ಸ್ಯಾಮ್ಯುಯೆಲ್ ಆಯ್ಕ್ರಾಯ್ಡ್ ಹಲ್ಲಿನ ವೈದ್ಯ. ಸತ್ತವರ ಆತ್ಮಗಳನ್ನು ಕರೆಸಿ ಮಾತಾಡಿಸುವ ಬೈಠಕ್‌ಗಳು ಒಂಟಾರಿಯೊ ಪ್ರಾಂತ್ಯದ ಅವರ ತೋಟದ ಮನೆಯಲ್ಲಿ ನಡೆಯುತ್ತಿದ್ದವು. ತಂದೆ ಪೀಟರ್ ಆಯ್ಕ್ರಾಯ್ಡ್ ಮುಂದೆ 2009ರಲ್ಲಿ ದೆವ್ವಗಳ ಇತಿಹಾಸದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇಂಥ ಮನೆಯಲ್ಲಿ ಬೆಳೆದವರಿಗೆ ದೆವ್ವ ಎಂದರೆ ನಗೆಪಾಟಲಿನ ವಿಷಯವೂ ಅಲ್ಲ, ಬರೀ ಭಯದ ವಿಷಯವೂ ಅಲ್ಲ; ವಿಚಾರಿಸಿ ತಿಳಿಯಬೇಕಾದ ವಿಷಯ. ಅತೀಂದ್ರಿಯ ವಿದ್ಯಮಾನಗಳ ಬಗೆಗಿನ ಲೇಖನವೊಂದನ್ನು ಓದುತ್ತಿದ್ದಾಗ, ಹಳೆಯ ಕಾಲದ ದೆವ್ವದ ಹಾಸ್ಯಚಿತ್ರಗಳನ್ನು ಇಂದಿನ ವಿಜ್ಞಾನದ ಪರಿಭಾಷೆಯಲ್ಲಿ ಮತ್ತೆ ಮಾಡಬಹುದಲ್ಲ ಎಂಬ ಯೋಚನೆ ಆಯ್ಕ್ರಾಯ್ಡ್ ಅವರಿಗೆ ಹೊಳೆಯಿತು. ಬಾಬ್ ಹೋಪ್ ನಟಿಸಿದ ‘ದಿ ಘೋಸ್ಟ್ ಬ್ರೇಕರ್ಸ್’ (1940), ಆ್ಯಬಟ್ ಮತ್ತು ಕಾಸ್ಟೆಲೊ ಜೋಡಿಯ ‘ಹೋಲ್ಡ್ ದಟ್ ಘೋಸ್ಟ್’ (1941) ಅವರ ಮನಸ್ಸಿನಲ್ಲಿದ್ದ ಮಾದರಿಗಳು. ಆ ಚಿತ್ರಗಳಲ್ಲಿ ದೆವ್ವ ಕಂಡೊಡನೆ ನಾಯಕರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಆಯ್ಕ್ರಾಯ್ಡ್ ಅವರ ನಾಯಕರು ಹಾಗೆ ಓಡಿಹೋಗುವವರಲ್ಲ, ಬಿಲ್ ಬರೆಯುವವರು.

ಚಿತ್ರಕಥೆ ಬರೆಯುವಾಗ ಆಯ್ಕ್ರಾಯ್ಡ್ ತಮ್ಮ ಜೊತೆಗಾರನಾಗಿ ಕಲ್ಪಿಸಿಕೊಂಡಿದ್ದು ಜಾನ್ ಬೆಲೂಶಿ ಅವರನ್ನು. 1975ರಲ್ಲಿ ಶುರುವಾದ ‘ಸ್ಯಾಟರ್ಡೆ ನೈಟ್ ಲೈವ್’ ಎಂಬ ಟಿವಿ ಹಾಸ್ಯ ಕಾರ್ಯಕ್ರಮದ ಮೊದಲ ತಂಡದಲ್ಲಿ ಇಬ್ಬರೂ ಇದ್ದರು. 1980ರ ‘ದಿ ಬ್ಲೂಸ್ ಬ್ರದರ್ಸ್’ ಚಿತ್ರ ಇಬ್ಬರನ್ನೂ ಬೆಳ್ಳಿತೆರೆಯ ಜೋಡಿಯಾಗಿ ನಿಲ್ಲಿಸಿತ್ತು. 1982ರ ಮಾರ್ಚ್ 5ರಂದು ಬೆಲೂಶಿ ಲಾಸ್ ಏಂಜಲೀಸ್‌ನ ಹೋಟೆಲೊಂದರಲ್ಲಿ ಮಾದಕದ್ರವ್ಯಕ್ಕೆ ಬಲಿಯಾದರು. ವಯಸ್ಸು 33. ಸುದ್ದಿಯ ಫೋನ್ ಬಂದಾಗ ತಾನು ಬೆಲೂಶಿಗೆಂದೇ ಒಂದು ಸಂಭಾಷಣೆ ಬರೆಯುತ್ತಿದ್ದೆ ಎಂದು ಆಯ್ಕ್ರಾಯ್ಡ್ ಮುಂದೆ ಅನೇಕ ಸಲ ಹೇಳಿಕೊಂಡಿದ್ದಾರೆ. ಆ ಜಾಗಕ್ಕೆ ಬಂದವರು ಅದೇ ಟಿವಿ ಕಾರ್ಯಕ್ರಮದಲ್ಲಿ ಹೆಸರು ಮಾಡಿದ್ದ ಬಿಲ್ ಮರ್ರಿ. ಹೋಟೆಲಿನ ಊಟದ ಗಾಡಿಗೆ ಮುಗಿಬಿದ್ದು ಗಬಗಬನೆ ತಿನ್ನುವ ಹಸಿರು ದೆವ್ವವನ್ನು ಚಿತ್ರತಂಡ ಬೆಲೂಶಿಯ ನೆನಪಿನಂತೆಯೇ ಕಾಣುತ್ತಿತ್ತು. ‘ಸ್ಲೈಮರ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡದ್ದು ಮುಂದೆ ಕಾರ್ಟೂನ್ ಬಂದಮೇಲೆ.

ಆಯ್ಕ್ರಾಯ್ಡ್ ಬರೆದ ಮೊದಲ ಕರಡು ಈಗಿನ ಚಿತ್ರದಂತಿರಲಿಲ್ಲ. ಅದು ನಡೆಯುತ್ತಿದ್ದದ್ದು ಭವಿಷ್ಯದಲ್ಲಿ. ದೆವ್ವ ಹಿಡಿಯುವ ತಂಡಗಳು ಆಗಲೇ ಊರೂರಲ್ಲಿ ಇದ್ದವು, ಲೋಕದಿಂದ ಲೋಕಕ್ಕೆ ಜಿಗಿಯುತ್ತಿದ್ದವು. ಅದನ್ನು ಓದಿದ ನಿರ್ದೇಶಕ ಐವಾನ್ ರೈಟ್‌ಮನ್, ಇದನ್ನು ಚಿತ್ರ ಮಾಡಲು ಯಾವ ಸ್ಟುಡಿಯೊದ ಹಣವೂ ಸಾಲದು ಎಂದರು. ಬದಲಿಗೆ, ಈಗಿನ ನ್ಯೂಯಾರ್ಕ್‌ನಲ್ಲಿ ಮೂವರು ಕೂಡಿ ಈ ಕಸುಬನ್ನು ಮೊದಲ ಬಾರಿಗೆ ಶುರು ಮಾಡುವ ಕಥೆಯಾಗಿಸಿ ಎಂದು ಸೂಚಿಸಿದರು. ಸರಣಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ. 1946ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿ, ಎಳವೆಯಲ್ಲೇ ಹೆತ್ತವರೊಡನೆ ದೇಶ ಬಿಟ್ಟು ಕೆನಡಾ ಸೇರಿದ್ದ ರೈಟ್‌ಮನ್ ‘ಮೀಟ್‌ಬಾಲ್ಸ್’ (1979), ‘ಸ್ಟ್ರೈಪ್ಸ್’ (1981) ಚಿತ್ರಗಳಲ್ಲಿ ಮರ್ರಿ ಅವರನ್ನು ನಿರ್ದೇಶಿಸಿ ಪಳಗಿದ್ದರು. ಚಿತ್ರಕಥೆಯನ್ನು ತಿದ್ದಲು ಅವರು ಹೆರಾಲ್ಡ್ ರೇಮಿಸ್ ಅವರನ್ನು ಕರೆತಂದರು. 1983ರಲ್ಲಿ ಮೂವರೂ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಕುಳಿತು ಕಥೆಯನ್ನು ಬುಡದಿಂದ ಮತ್ತೆ ಬರೆದರು. ಆಯ್ಕ್ರಾಯ್ಡ್ ತಂದದ್ದು ದೆವ್ವಗಳ ಶಾಸ್ತ್ರ ಮತ್ತು ಯಂತ್ರಗಳ ವಿವರ. ರೇಮಿಸ್ ತಂದದ್ದು ಪಾತ್ರಗಳು ಮತ್ತು ಮಾತು. ಕೊಲಂಬಿಯಾ ಪಿಕ್ಚರ್ಸ್‌ನ ಮುಖ್ಯಸ್ಥ ಫ್ರಾಂಕ್ ಪ್ರೈಸ್ ಸುಮಾರು 2.5 ಕೋಟಿ ಡಾಲರ್ ವೆಚ್ಚಕ್ಕೆ ಒಪ್ಪಿದರು. ಆದರೆ ಷರತ್ತು ಬಿಗಿಯಾಗಿತ್ತು: 1984ರ ಜೂನ್‌ಗೆ ಚಿತ್ರ ಸಿದ್ಧವಾಗಬೇಕು. ಕೈಯಲ್ಲಿದ್ದದ್ದು ಒಂದು ವರ್ಷಕ್ಕಿಂತ ತುಸು ಹೆಚ್ಚು ಸಮಯ.

ಹೆಸರಿನ ತೊಡಕೂ ಇತ್ತು. ಫಿಲ್ಮೇಷನ್ ಎಂಬ ಸಂಸ್ಥೆ 1975ರಲ್ಲೇ ‘ದಿ ಘೋಸ್ಟ್ ಬಸ್ಟರ್ಸ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮ ಮಾಡಿತ್ತು. ಹಕ್ಕಿನ ಮಾತು ಮುಗಿಯುವ ಮೊದಲೇ ಚಿತ್ರೀಕರಣ ಶುರುವಾದ್ದರಿಂದ ಕೆಲವು ದೃಶ್ಯಗಳನ್ನು ಬೇರೆ ಹೆಸರಿಟ್ಟೂ ತೆಗೆಯಬೇಕಾಯಿತು. ಕೊನೆಗೆ ಹೆಸರು ದಕ್ಕಿತು.

ತಾರಾಗಣ ಕೂಡಿಬಂದ ಬಗೆಯನ್ನು ತಿಳಿಯಲು ‘ಸೆಕೆಂಡ್ ಸಿಟಿ’ ಎಂಬ ರಂಗತಂಡವನ್ನು ತಿಳಿಯಬೇಕು. ಷಿಕಾಗೊದಲ್ಲಿ ಹುಟ್ಟಿ ಟೊರಾಂಟೊದಲ್ಲೂ ಕವಲೊಡೆದ ಈ ತಂಡದ ನಟರು ಬರೆದ ನಾಟಕವಿಲ್ಲದೆ, ವೇದಿಕೆಯ ಮೇಲೇ ಮಾತು ಹುಟ್ಟಿಸಿ ಆಡುವುದರಲ್ಲಿ ನುರಿತವರು. ಮರ್ರಿ, ರೇಮಿಸ್, ಆಯ್ಕ್ರಾಯ್ಡ್ ಮೂವರೂ ಆ ಗರಡಿಯಿಂದ ಬಂದವರು. ಒಬ್ಬನ ಮಾತನ್ನು ಇನ್ನೊಬ್ಬ ಎತ್ತಿಕೊಳ್ಳುವುದು, ಎದುರಿನವನಿಗೆ ಜಾಗ ಬಿಟ್ಟುಕೊಡುವುದು ಅವರಿಗೆ ರೂಢಿಯಾಗಿತ್ತು. ಚಿತ್ರದ ಮೂವರು ವಿಜ್ಞಾನಿಗಳು ಹಳೆಯ ಗೆಳೆಯರೆಂದು ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಮರ್ರಿ ವಹಿಸಿದ ಪೀಟರ್ ವೆಂಕ್‌ಮನ್ ಅರ್ಧ ವಿಜ್ಞಾನಿ, ಅರ್ಧ ಮಾರಾಟಗಾರ. ದೆವ್ವಕ್ಕಿಂತ ಗಿರಾಕಿಯ ಮೇಲೆ ಅವನ ಕಣ್ಣು. ಮರ್ರಿ ಈ ಚಿತ್ರಕ್ಕೆ ಬಂದದ್ದರ ಹಿಂದೆ ಒಂದು ಒಪ್ಪಂದವಿತ್ತು: ಸಾಮರ್‌ಸೆಟ್ ಮಾಮ್ ಕಾದಂಬರಿಯನ್ನು ಆಧರಿಸಿದ ‘ದಿ ರೇಜರ್ಸ್ ಎಡ್ಜ್’ ಚಿತ್ರಕ್ಕೆ ಕೊಲಂಬಿಯಾ ಹಣ ಹೂಡಬೇಕು. ಅರಿವು ಹುಡುಕಿ ಹಿಮಾಲಯಕ್ಕೆ ಬರುವ ಮನುಷ್ಯನ ಕಥೆಯಾದ ಆ ಚಿತ್ರದ ಒಂದಷ್ಟು ಭಾಗ ಭಾರತದಲ್ಲೇ, ಲಡಾಖ್‌ನಲ್ಲಿ ಚಿತ್ರೀಕರಣಗೊಂಡಿತು. ಅದು ಮುಗಿದ ಬೆನ್ನಿಗೇ ಮರ್ರಿ ನ್ಯೂಯಾರ್ಕ್‌ಗೆ ಬಂದು ವೆಂಕ್‌ಮನ್ನನ ಮೇಲಂಗಿ ತೊಟ್ಟರು. ಆಯ್ಕ್ರಾಯ್ಡ್ ಅವರ ರೇ ಸ್ಟ್ಯಾಂಟ್ಸ್ ತಂಡದ ಹೃದಯ: ನಂಬಿಕೆಯವನು, ಮಕ್ಕಳಂತೆ ಹಿಗ್ಗುವವನು, ಅಪ್ಪ ಅಮ್ಮ ಬಿಟ್ಟುಹೋದ ಮನೆಯನ್ನು ಅಡವಿಟ್ಟು ಬಂಡವಾಳ ತರುವವನು. ಇಗಾನ್ ಸ್ಪೆಂಗ್ಲರ್ ಪಾತ್ರಕ್ಕೆ ರೇಮಿಸ್ ಮೊದಲು ಮನಸ್ಸು ಮಾಡಿರಲಿಲ್ಲ. ಬೇರೆ ನಟರ ಹೆಸರುಗಳು ಚಾಲ್ತಿಯಲ್ಲಿದ್ದವು. ಆದರೆ ಬರೆಯುತ್ತ ಬರೆಯುತ್ತ ಆ ಪಾತ್ರ ಅವರದೇ ಆಯಿತು. ಒಮ್ಮೆಯೂ ನಗದೆ, ಒಂದೇ ಏರಿಳಿತದಲ್ಲಿ ಅಂಕಿಅಂಶ ಒಪ್ಪಿಸುವ ಇಗಾನ್ ಇಲ್ಲದಿದ್ದರೆ ವೆಂಕ್‌ಮನ್ನನ ತಲೆಹರಟೆ ಬರೀ ತಲೆಹರಟೆಯಾಗಿಯೇ ಉಳಿಯುತ್ತಿತ್ತು.

ಸಿಗೋರ್ನಿ ವೀವರ್ ಹಾಸ್ಯದ ಗರಡಿಯವರಲ್ಲ. ‘ಏಲಿಯನ್’ (1979) ಚಿತ್ರದಿಂದ ಗಂಭೀರ ನಟಿಯೆಂದು ಹೆಸರಾಗಿದ್ದ ಅವರು, ಡೇನಾ ಬ್ಯಾರೆಟ್ ಪಾತ್ರದ ಆಯ್ಕೆಗೆ ಬಂದಾಗ ರೈಟ್‌ಮನ್ ಅವರ ಕೋಣೆಯ ಸೋಫಾ ಹತ್ತಿ ನಾಲ್ಕು ಕಾಲಲ್ಲಿ ನಿಂತು, ನಾಯಿಯಂತೆ ಗುರುಗುಟ್ಟಿ ದಿಂಬನ್ನು ಕಚ್ಚಿ ಎಳೆದಾಡಿದರು. ಡೇನಾ ದೆವ್ವದ ನಾಯಿಯಾಗಿ ಮಾರ್ಪಡುವ ದೃಶ್ಯಕ್ಕೆ ಅವರು ಕೊಟ್ಟ ಪರೀಕ್ಷೆ ಅದು. ಡೇನಾ ರೂಪದರ್ಶಿಯಾಗಿರುವುದಕ್ಕಿಂತ ಚೆಲೊ ನುಡಿಸುವ ಸಂಗೀತಗಾರ್ತಿಯಾಗಿದ್ದರೆ ಆಕೆಗೊಂದು ಘನತೆ ಬರುತ್ತದೆ ಎಂದು ಸೂಚಿಸಿದವರೂ ಅವರೇ. ಆಕೆಯ ನೆರೆಮನೆಯ ಲೆಕ್ಕಿಗ ಲೂಯಿಸ್ ಟುಲ್ಲಿ ಪಾತ್ರವನ್ನು ಮೊದಲು ಜಾನ್ ಕ್ಯಾಂಡಿ ಅವರಿಗೆ ಕೊಡುವ ಯೋಚನೆಯಿತ್ತು. ಅವರು ಒಪ್ಪದಾಗ ರಿಕ್ ಮೊರಾನಿಸ್ ಬಂದರು. ಮನೆಗೆ ಕರೆದ ಅತಿಥಿಗಳಿಗೆ ಸ್ವಾಗತ ಕೋರುತ್ತ, ಅವರವರ ಆದಾಯ, ಸಾಲ, ಬಡ್ಡಿಯ ವಿವರಗಳನ್ನೆಲ್ಲ ಒಂದೇ ಉಸಿರಿಗೆ ಹೊರಗೆಡಹುವ ಆ ದೃಶ್ಯದ ಮಾತುಗಳು ಬಹುಪಾಲು ಮೊರಾನಿಸ್ ಸ್ಥಳದಲ್ಲೇ ಕಟ್ಟಿದವು. ಕಚೇರಿಯ ಫೋನ್ ಎತ್ತಿಕೊಳ್ಳುವ ಜನೀನ್ ಆಗಿ ಆ್ಯನಿ ಪಾಟ್ಸ್, ಪರಿಸರ ಇಲಾಖೆಯ ಅಧಿಕಾರಿ ವಾಲ್ಟರ್ ಪೆಕ್ ಆಗಿ ವಿಲಿಯಂ ಆ್ಯದರ್ಟನ್ ನಟಿಸಿದರು. ಪೆಕ್ ಪಾತ್ರವನ್ನು ಆ್ಯದರ್ಟನ್ ಎಷ್ಟು ಚೆನ್ನಾಗಿ ಮಾಡಿದರೆಂದರೆ, ಚಿತ್ರದಲ್ಲಿ ವೆಂಕ್‌ಮನ್ ಅವನಿಗೆ ಬೈದ ಬೈಗುಳವನ್ನೇ ಜನ ವರ್ಷಗಟ್ಟಲೆ ಬೀದಿಯಲ್ಲಿ ಅವರತ್ತ ಕೂಗುತ್ತಿದ್ದರು.

ನಾಲ್ಕನೆಯವರಾದ ಅರ್ನಿ ಹಡ್ಸನ್ ಅವರ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ವಿನ್‌ಸ್ಟನ್ ಜೆಡ್‌ಮೋರ್ ಪಾತ್ರ ಅವರು ಮೊದಲು ಓದಿದ ಚಿತ್ರಕಥೆಯಲ್ಲಿ ದೊಡ್ಡದಿತ್ತು. ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ಹಿನ್ನೆಲೆಯಿತ್ತು, ಕಥೆಯ ಆರಂಭದಲ್ಲೇ ಪ್ರವೇಶವಿತ್ತು. ಚಿತ್ರೀಕರಣದ ಹೊಸ್ತಿಲಲ್ಲಿ ಕೈಗೆ ಬಂದ ಪರಿಷ್ಕೃತ ಪ್ರತಿಯಲ್ಲಿ ಆ ಹಿನ್ನೆಲೆ ಹೋಗಿತ್ತು, ಪ್ರವೇಶ ಅರ್ಧ ಚಿತ್ರದಾಚೆಗೆ ಸರಿದಿತ್ತು, ಮಾತುಗಳು ಕರಗಿದ್ದವು. ಅದರ ನೋವನ್ನು ಹಡ್ಸನ್ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡರು. ಉಳಿದ ಮೂವರು ಒಂದೇ ವಲಯದ ಗೆಳೆಯರು, ಅವರಲ್ಲಿಬ್ಬರು ಚಿತ್ರಕಥೆಯ ಲೇಖಕರೂ ಹೌದು; ಹಡ್ಸನ್ ಹೊರಗಿನವರು, ತಂಡದ ಏಕೈಕ ಕಪ್ಪು ನಟ. ಪೋಸ್ಟರಿನಲ್ಲೂ ಮೂವರೇ. ಇಷ್ಟಾಗಿಯೂ ಉಳಿದಷ್ಟರಲ್ಲೇ ಅವರು ಮಾಡಿದ್ದು ಸಣ್ಣದಲ್ಲ. ಕೆಲಸ ಕೇಳಿ ಬಂದ ವಿನ್‌ಸ್ಟನ್‌ನನ್ನು ಜನೀನ್, ಹಾರುವ ತಟ್ಟೆಯಿಂದ ಹಿಡಿದು ಹತ್ತಾರು ಅತೀಂದ್ರಿಯ ಸಂಗತಿಗಳನ್ನು ನಂಬುತ್ತೀಯಾ ಎಂದು ಕೇಳುತ್ತಾಳೆ. ತಿಂಗಳಿಗೆ ಸರಿಯಾಗಿ ಸಂಬಳ ಬರುವುದಾದರೆ ಏನು ಬೇಕಾದರೂ ನಂಬುತ್ತೇನೆ ಎಂಬ ಅರ್ಥದ ಉತ್ತರ ಅವನದು. ದೆವ್ವ ಹಿಡಿಯುವುದೂ ಒಂದು ನೌಕರಿ ಎಂಬ ಚಿತ್ರದ ತಿರುಳು ಆ ಒಂದು ಉತ್ತರದಲ್ಲಿದೆ. ಸಾಮಾನ್ಯ ಪ್ರೇಕ್ಷಕ ತನ್ನನ್ನು ಗುರುತಿಸಿಕೊಳ್ಳುವುದು ಮೂವರು ಡಾಕ್ಟರೇಟ್ ಪಡೆದವರಲ್ಲಿ ಅಲ್ಲ, ಇವನಲ್ಲಿ.

ಚಿತ್ರೀಕರಣ 1983ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿ ಮುಂದೆ ಲಾಸ್ ಏಂಜಲೀಸ್‌ಗೆ ಸಾಗಿತು. ಕಂಪನಿಯ ಕಚೇರಿಯಾಗಿ ಕಾಣುವ ಕಟ್ಟಡ ಮ್ಯಾನ್‌ಹಟನ್‌ನ ಟ್ರೈಬೆಕಾ ಬಡಾವಣೆಯ 14 ನಾರ್ತ್ ಮೂರ್ ರಸ್ತೆಯಲ್ಲಿದೆ. ಅದು ‘ಹುಕ್ ಆ್ಯಂಡ್ ಲ್ಯಾಡರ್ ಕಂಪನಿ 8’ ಎಂಬ, ಇಂದಿಗೂ ಅಗ್ನಿಶಾಮಕ ದಳದವರು ದುಡಿಯುತ್ತಿರುವ ಠಾಣೆ. ಒಳಾಂಗಣದ ದೃಶ್ಯಗಳನ್ನು ಮಾತ್ರ ಲಾಸ್ ಏಂಜಲೀಸ್‌ನ ಮುಚ್ಚಿಹೋಗಿದ್ದ ಇನ್ನೊಂದು ಅಗ್ನಿಶಾಮಕ ಠಾಣೆಯಲ್ಲಿ ತೆಗೆದರು. ಡೇನಾಳ ಮನೆಯಿರುವ ಕಟ್ಟಡ 55 ಸೆಂಟ್ರಲ್ ಪಾರ್ಕ್ ವೆಸ್ಟ್. ಅದರ ತುದಿಯ ದೇವಾಲಯ ಸ್ಟುಡಿಯೊದಲ್ಲಿ ಕಟ್ಟಿದ್ದು. ಓಡಾಟದ ಗಾಡಿ 1959ರ ಕ್ಯಾಡಿಲಾಕ್ ಆ್ಯಂಬುಲೆನ್ಸ್. ಕಥೆಯಲ್ಲಿ ರೇ ಅದನ್ನು 4,800 ಡಾಲರ್‌ಗೆ ಕೊಂಡುತಂದು, ಮಾಡಿಸಬೇಕಾದ ರಿಪೇರಿಗಳ ಉದ್ದ ಪಟ್ಟಿಯನ್ನು ಹೆಮ್ಮೆಯಿಂದ ಒಪ್ಪಿಸುತ್ತಾನೆ. ಬೆನ್ನಿಗೆ ಹೊರುವ ಪ್ರೋಟಾನ್ ಪ್ಯಾಕ್, ನೆಲದ ಮೇಲೆ ತಳ್ಳುವ ಬೋನು, ತಳಮನೆಯ ಶೇಖರಣಾ ತೊಟ್ಟಿ ಎಲ್ಲಕ್ಕೂ ಗ್ಯಾರೇಜಿನಲ್ಲಿ ಜೋಡಿಸಿದ ಸಾಮಾನಿನ ರೂಪವಿದೆ. ವೈರುಗಳು ಹೊರಗೆ ಕಾಣುತ್ತವೆ, ಲೋಹ ಮಾಸಿದೆ.

ಈ ಕಸುಬುತನ ಪೂರ್ತಿ ತೆರೆದುಕೊಳ್ಳುವುದು ಸೆಡ್ಜ್‌ವಿಕ್ ಹೋಟೆಲಿನ ದೃಶ್ಯದಲ್ಲಿ. ಇದು ತಂಡದ ಮೊದಲ ಕೆಲಸ. ಮೂವರೂ ಸಲಕರಣೆ ಹೊತ್ತು ಲಿಫ್ಟ್‌ನಲ್ಲಿ ನಿಂತಾಗ, ಈ ಯಂತ್ರಗಳನ್ನು ಇನ್ನೂ ಒಮ್ಮೆಯೂ ಸರಿಯಾಗಿ ಪರೀಕ್ಷಿಸಿಲ್ಲ ಎಂಬುದು ಅವರಿಗೆ ನೆನಪಾಗುತ್ತದೆ. ಹೊರಗೆ ಬಂದವರೇ ಎದುರಾದ ಸ್ವಚ್ಛತಾ ಸಿಬ್ಬಂದಿಯ ಗಾಡಿಯನ್ನು ದೆವ್ವವೆಂದು ಸುಟ್ಟುಬಿಡುತ್ತಾರೆ. ಹಸಿರು ದೆವ್ವ ವೆಂಕ್‌ಮನ್‌ಗೆ ಡಿಕ್ಕಿ ಹೊಡೆದು ಮೈತುಂಬ ಲೋಳೆ ಮೆತ್ತಿ ಹೋಗುತ್ತದೆ. ಊಟದ ಸಭಾಂಗಣದ ತೂಗುದೀಪ ನೆಲಕ್ಕುರುಳಿ, ಮೇಜುಗಳು ಮುರಿದು, ಗೋಡೆ ಕರಕಲಾದ ಮೇಲೆ ದೆವ್ವ ಬೋನಿಗೆ ಬೀಳುತ್ತದೆ. ಹೊಗೆಯಾಡುವ ಬೋನಿನೊಡನೆ ತಂಡ ಹೊರಬಂದ ಮೇಲೆ ವೆಂಕ್‌ಮನ್ ವ್ಯವಸ್ಥಾಪಕನಿಗೆ ಲೆಕ್ಕ ಹೇಳುತ್ತಾನೆ: ಹಿಡಿದದ್ದಕ್ಕೆ 4,000 ಡಾಲರ್, ಈ ವಾರದ ರಿಯಾಯಿತಿಯಲ್ಲಿ ಚಾರ್ಜಿಂಗ್ ಮತ್ತು ದಾಸ್ತಾನಿಗೆ 1,000. ಇಷ್ಟೊಂದು ಕೊಡಲಾಗದು ಎಂದು ವ್ಯವಸ್ಥಾಪಕ ತಕರಾರು ತೆಗೆದಾಗ, ಪರವಾಗಿಲ್ಲ, ದೆವ್ವವನ್ನು ಇಲ್ಲೇ ಬಿಟ್ಟುಹೋಗುತ್ತೇವೆ ಎಂದು ಹಿಂತಿರುಗುತ್ತಾರೆ. ಹಣ ಕೂಡಲೇ ಬರುತ್ತದೆ. ಮಂತ್ರವಿಲ್ಲ, ಪೂಜೆಯಿಲ್ಲ, ಪ್ರಾಣಭಯದ ಭಾಷಣವಿಲ್ಲ. ಅಲೌಕಿಕವನ್ನು ಇಷ್ಟು ಲೌಕಿಕವಾಗಿ ತೋರಿಸಿದ ಹಾಲಿವುಡ್ ಚಿತ್ರ ಅದಕ್ಕೆ ಮೊದಲು ಇರಲಿಲ್ಲವೆಂದೇ ಹೇಳಬೇಕು.

ಇದರ ಹಿಂದೆ ಆ ಕಾಲದ ನ್ಯೂಯಾರ್ಕ್ ಇದೆ. 1975ರಲ್ಲಿ ದಿವಾಳಿಯ ಅಂಚಿಗೆ ಹೋಗಿದ್ದ ನಗರ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಸರ್ಕಾರದ ನಿಯಂತ್ರಣ ಕಡಿಮೆಯಾಗಬೇಕು, ಖಾಸಗಿ ಉದ್ದಿಮೆ ಬೆಳೆಯಬೇಕು ಎಂಬ ರೇಗನ್ ಆಡಳಿತದ ಮಾತು ದೇಶದ ತುಂಬ ಕೇಳುತ್ತಿತ್ತು. ಸಾಲ ಮಾಡಿ ಶುರುಮಾಡಿದ ಸಣ್ಣ ಕಂಪನಿ ನಾಯಕ, ಪರವಾನಗಿ ಕೇಳುವ ಪರಿಸರ ಅಧಿಕಾರಿ ಖಳನಾಯಕ ಎಂಬ ಹಂಚಿಕೆಯನ್ನು ವಿಮರ್ಶಕರು ಆ ರಾಜಕೀಯದ ಜೊತೆ ಇಟ್ಟು ಓದಿದ್ದಾರೆ. ಆ ಓದಿನಲ್ಲಿ ಹುರುಳಿದೆ. ಆದರೆ ತಳಮನೆಯಲ್ಲಿ ಅಪಾಯಕಾರಿ ಯಂತ್ರವಿಟ್ಟುಕೊಂಡವರನ್ನು ಪ್ರಶ್ನಿಸಿದ ಪೆಕ್ ಕೇಳಿದ್ದು ತಪ್ಪೇನಲ್ಲ ಎಂಬುದೂ ನಿಜ. ಅವನ ಧಾಟಿ ತಪ್ಪು, ಪ್ರಶ್ನೆ ಸರಿ.

ವಿಶೇಷ ದೃಶ್ಯಗಳ ಹೊಣೆ ಹೊತ್ತವರು ‘ಸ್ಟಾರ್ ವಾರ್ಸ್’ ಖ್ಯಾತಿಯ ರಿಚರ್ಡ್ ಎಡ್ಲಂಡ್. ಕಂಪ್ಯೂಟರ್ ಚಿತ್ರಗಳು ರೂಢಿಗೆ ಬರುವ ಮುಂಚಿನ ದಿನಗಳವು. ಕೊನೆಯಲ್ಲಿ ನಗರದ ಬೀದಿಯಲ್ಲಿ ನಡೆದುಬರುವ ದೈತ್ಯ, ಮಿಠಾಯಿ ಕಂಪನಿಯ ಜಾಹೀರಾತಿನ ಬೊಂಬೆಯಾದ ಸ್ಟೇ ಪಫ್ಟ್, ಸ್ಪಂಜಿನ ಉಡುಗೆ ತೊಟ್ಟ ಮನುಷ್ಯ. ಸುತ್ತಲಿನ ಕಟ್ಟಡ, ಕಾರುಗಳು ಪುಟ್ಟ ಮಾದರಿಗಳು. ಅವನು ಸಿಡಿದಾಗ ಮೇಲಿನಿಂದ ಸುರಿಯುವ ಬಿಳಿ ಮಿಠಾಯಿ, ಗಡ್ಡ ಹೆರೆಯಲು ಬಳಸುವ ನೊರೆ. ನಾಶದ ದೇವತೆ ಯಾವ ರೂಪದಲ್ಲಿ ಬರಬೇಕೆಂದು ಆರಿಸಲು ಹೇಳಿದಾಗ ರೇ ತನ್ನ ಬಾಲ್ಯದ ಅತ್ಯಂತ ನಿರುಪದ್ರವಿ ವಸ್ತುವನ್ನು ನೆನೆದ ಫಲ ಅದು. ಭಯವೂ ನಗುವೂ ಒಂದೇ ಚೌಕಟ್ಟಿನಲ್ಲಿ ನಿಂತ ಆ ದೃಶ್ಯ ಈ ಪ್ರಕಾರದ ಅಳತೆಗೋಲಾಯಿತು. ಕೆಂಪು ವೃತ್ತದೊಳಗಿನಿಂದ ದೆವ್ವ ಇಣುಕುವ ನಿಷೇಧದ ಲಾಂಛನವೂ ಅಷ್ಟೇ ಪ್ರಸಿದ್ಧ. ಬಿಡುಗಡೆಗೆ ಮುಂಚೆ ಚಿತ್ರದ ಹೆಸರಿಲ್ಲದೆ ಬರೀ ಲಾಂಛನವನ್ನೇ ಜಾಹೀರಾತಾಗಿ ಹಚ್ಚಿದ್ದರು.

ಚಿತ್ರ ಮೊದಲ ವಾರಾಂತ್ಯದಲ್ಲಿ 1.36 ಕೋಟಿ ಡಾಲರ್ ಗಳಿಸಿತು. ಸತತ ಏಳು ವಾರ ಗಳಿಕೆಯಲ್ಲಿ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಮೊದಲ ಸುತ್ತಿನಲ್ಲಿ ಉತ್ತರ ಅಮೆರಿಕದ ಗಳಿಕೆಯೇ ಸುಮಾರು 22.9 ಕೋಟಿ ಡಾಲರ್. ರೇ ಪಾರ್ಕರ್ ಜೂನಿಯರ್ ಹಾಡಿದ ಶೀರ್ಷಿಕೆ ಗೀತೆ ಆಗಸ್ಟ್‌ನಲ್ಲಿ ಮೂರು ವಾರ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿತ್ತು. ಅದರ ಧಾಟಿ ತನ್ನ ಹಾಡಿನದು ಎಂದು ಗಾಯಕ ಹ್ಯೂಯಿ ಲೂಯಿಸ್ ದಾವೆ ಹೂಡಿದರು. ಪ್ರಕರಣ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಹಾಡು ಮತ್ತು ವಿಶೇಷ ದೃಶ್ಯಗಳಿಗೆ ಆಸ್ಕರ್ ನಾಮನಿರ್ದೇಶನ ದೊರೆತರೂ ಪ್ರಶಸ್ತಿ ಬರಲಿಲ್ಲ.

ಇಂಥ ಗೆಲುವಿನ ಮೇಲೆ ಎರಡನೆಯ ಚಿತ್ರ ಬರಲು ಐದು ವರ್ಷ ಹಿಡಿಯಿತು. ‘ದಿ ರೇಜರ್ಸ್ ಎಡ್ಜ್’ ನೆಲಕಚ್ಚಿದ್ದರಿಂದ ಮನನೊಂದ ಮರ್ರಿ ಕೆಲವು ವರ್ಷ ನಟನೆಯಿಂದ ದೂರವಿದ್ದರು; ಪ್ಯಾರಿಸ್‌ಗೆ ಹೋಗಿ ಸೋರ್ಬಾನ್‌ನಲ್ಲಿ ಓದಿದರು. 1986ರಲ್ಲಿ ಕೊಲಂಬಿಯಾದ ಮುಖ್ಯಸ್ಥರಾದ ಡೇವಿಡ್ ಪಟ್ನಮ್ ಅವರಿಗೆ ದುಬಾರಿ ತಾರೆಯರ ಚಿತ್ರಗಳಲ್ಲಿ ಒಲವಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಕಾರ್ಟೂನ್. 1986ರಿಂದ 1991ರವರೆಗೆ ಎಬಿಸಿ ವಾಹಿನಿಯಲ್ಲಿ ನಡೆದ ‘ದಿ ರಿಯಲ್ ಘೋಸ್ಟ್‌ಬಸ್ಟರ್ಸ್’ ಈ ಸರಣಿಯನ್ನು ದೊಡ್ಡವರ ಕೈಯಿಂದ ಮಕ್ಕಳ ಕೈಗೆ ದಾಟಿಸಿತು. ಹೆಸರಿನಲ್ಲಿ ‘ರಿಯಲ್’ ಸೇರಿದ್ದು, ಫಿಲ್ಮೇಷನ್ ಕೂಡ ಅದೇ ವರ್ಷ ತನ್ನ ಹಳೆಯ ಹೆಸರಲ್ಲಿ ಬೇರೆ ಕಾರ್ಟೂನ್ ತಂದದ್ದರಿಂದ. ಕಾರ್ಟೂನಿನಲ್ಲಿ ಸ್ಲೈಮರ್ ತಂಡದ ಸಾಕುಪ್ರಾಣಿಯಂತಾಯಿತು. ಕೆನ್ನರ್ ಕಂಪನಿಯ ಆಟಿಕೆಗಳು, ‘ಎಕ್ಟೊ ಕೂಲರ್’ ಎಂಬ ಹಸಿರು ಪಾನೀಯ ಅಂಗಡಿಗಳನ್ನು ತುಂಬಿದವು. ವಿನ್‌ಸ್ಟನ್‌ನ ದನಿಗಾಗಿ ಹಡ್ಸನ್ ಪರೀಕ್ಷೆ ಕೊಟ್ಟರು. ಕೆಲಸ ಸಿಕ್ಕಿದ್ದು ಆರ್ಸೆನಿಯೊ ಹಾಲ್ ಅವರಿಗೆ. ತಾನು ಹುಟ್ಟಿಸಿದ ಪಾತ್ರಕ್ಕೆ ದನಿ ಕೊಡಲು ತನಗೇ ಅವಕಾಶವಿಲ್ಲವಾದದ್ದು ನಟನೊಬ್ಬನಿಗೆ ಸಣ್ಣ ಪೆಟ್ಟಲ್ಲ.

‘ಘೋಸ್ಟ್‌ಬಸ್ಟರ್ಸ್ 2’ 1989ರ ಜೂನ್ 16ರಂದು ಬಂತು. ಮೊದಲ ವಾರಾಂತ್ಯದ 2.95 ಕೋಟಿ ಡಾಲರ್ ಗಳಿಕೆ ಆಗಿನ ದಾಖಲೆ. ಒಂದೇ ವಾರದಲ್ಲಿ ‘ಬ್ಯಾಟ್‌ಮನ್’ ಅದನ್ನು ಮುರಿಯಿತು. ಜನರ ಸಿಟ್ಟುಸೆಡವೆಲ್ಲ ನಗರದಡಿ ಲೋಳೆಯ ಹೊಳೆಯಾಗಿ ಹರಿಯುತ್ತದೆ ಎಂಬ ಕಲ್ಪನೆ ಚೆನ್ನಾಗಿತ್ತು. ಆದರೆ ಮೂಲಚಿತ್ರದ ಘಟನಾವಳಿಯನ್ನೇ ಬಹುಮಟ್ಟಿಗೆ ಮತ್ತೆ ತುಳಿದದ್ದರಿಂದ ಹೊಸತನ ಕಳೆಗುಂದಿತು. ಮರ್ರಿ ಅವರಿಗೆ ತೃಪ್ತಿಯಾಗಲಿಲ್ಲ. ಮೂರನೆಯ ಚಿತ್ರ ಇಪ್ಪತ್ತೈದು ವರ್ಷ ಕಾಗದದಲ್ಲೇ ಉಳಿಯಲು ಅದೇ ಮುಖ್ಯ ಕಾರಣ.

ಆ ನಡುವೆ ಆಯ್ಕ್ರಾಯ್ಡ್ ಬರೆಯುವುದನ್ನು ಬಿಡಲಿಲ್ಲ. ಮ್ಯಾನ್‌ಹಟನ್‌ನ ನರಕರೂಪಕ್ಕೆ ತಂಡ ಇಳಿಯುವ ‘ಹೆಲ್‌ಬೆಂಟ್’ ಎಂಬ ಚಿತ್ರಕಥೆ 1990ರ ದಶಕದ ಕೊನೆಗೆ ಸಿದ್ಧವಾಗಿತ್ತು, ತೆರೆಗೆ ಬರಲಿಲ್ಲ. ಮರ್ರಿ ಮತ್ತು ರೇಮಿಸ್ ನಡುವೆ ‘ಗ್ರೌಂಡ್‌ಹಾಗ್ ಡೇ’ (1993) ಚಿತ್ರದ ಸಮಯದಲ್ಲಿ ಬಿರುಕು ಬಿಟ್ಟು, ಇಬ್ಬರೂ ಸುಮಾರು ಎರಡು ದಶಕ ಹೆಚ್ಚುಕಡಿಮೆ ಮಾತು ಬಿಟ್ಟಿದ್ದರು. ಮೊರಾನಿಸ್ 1991ರಲ್ಲಿ ಪತ್ನಿಯನ್ನು ಕಳೆದುಕೊಂಡು, ಮಕ್ಕಳನ್ನು ಬೆಳೆಸುವುದಕ್ಕಾಗಿ ನಿಧಾನವಾಗಿ ಚಿತ್ರರಂಗದಿಂದ ಹಿಂದೆ ಸರಿದರು. ಹಳೆಯ ತಂಡ ಮತ್ತೆ ಒಂದಾದದ್ದು 2009ರ ವಿಡಿಯೊ ಗೇಮಿನಲ್ಲಿ ಮಾತ್ರ. 1991ರಲ್ಲಿ ನಡೆಯುವ ಆ ಕಥೆಗೆ ನಾಲ್ವರೂ, ಜೊತೆಗೆ ಪಾಟ್ಸ್ ಮತ್ತು ಆ್ಯದರ್ಟನ್, ದನಿ ಕೊಟ್ಟರು. ಅದನ್ನೇ ಮೂರನೆಯ ಚಿತ್ರವೆಂದು ಎಣಿಸಬಹುದು ಎಂಬುದು ಆಯ್ಕ್ರಾಯ್ಡ್ ಅವರ ಅಭಿಪ್ರಾಯ.

2014ರ ಫೆಬ್ರುವರಿ 24ರಂದು ರೇಮಿಸ್ ತೀರಿಕೊಂಡರು. ಅವರ ಕೊನೆಯ ದಿನಗಳಲ್ಲಿ ಮರ್ರಿ ಮನೆಗೆ ಹೋಗಿ ಭೇಟಿಯಾಗಿದ್ದರು. ರೇಮಿಸ್ ಇಲ್ಲದೆ ಹಳೆಯ ತಂಡದ ಚಿತ್ರ ತಾನು ನಿರ್ದೇಶಿಸಲಾರೆ ಎಂದು ರೈಟ್‌ಮನ್ ಹಿಂದೆ ಸರಿದರು. ಕೊಲಂಬಿಯಾ ಸ್ಟುಡಿಯೊದ ಈಗಿನ ಒಡೆಯರಾದ ಸೋನಿ, ಹಳೆಯ ಕಥೆಯ ಹಂಗಿಲ್ಲದ ಹೊಸ ಆರಂಭಕ್ಕೆ ಪಾಲ್ ಫೀಗ್ ಅವರನ್ನು ಕರೆಯಿತು. 2016ರ ಜುಲೈ 15ರಂದು ಬಂದ ಆ ಚಿತ್ರದ ನಾಲ್ವರೂ ಮಹಿಳೆಯರು: ಕ್ರಿಸ್ಟನ್ ವಿಗ್, ಮೆಲಿಸಾ ಮೆಕಾರ್ಥಿ, ಕೇಟ್ ಮೆಕಿನನ್, ಲೆಸ್ಲಿ ಜೋನ್ಸ್. ಫೋನ್ ಎತ್ತಿಕೊಳ್ಳಲೂ ಬಾರದ ಸುಂದರಾಂಗ ಸಹಾಯಕನಾಗಿ ಕ್ರಿಸ್ ಹೆಮ್ಸ್‌ವರ್ತ್ ನಟಿಸಿದರು. ಚಿತ್ರ ನೋಡುವ ಮೊದಲೇ ಅದರ ಮೇಲೆ ದ್ವೇಷದ ದಾಳಿ ನಡೆಯಿತು. ಅದರ ಟ್ರೇಲರ್ ಯೂಟ್ಯೂಬ್‌ನಲ್ಲಿ ಅತಿ ಹೆಚ್ಚು ನಾಪಸಂದು ಪಡೆದ ಟ್ರೇಲರ್‌ಗಳಲ್ಲೊಂದಾಯಿತು. ಲೆಸ್ಲಿ ಜೋನ್ಸ್ ಅವರಿಗೆ ಟ್ವಿಟರ್‌ನಲ್ಲಿ ಬಂದ ಜನಾಂಗ ನಿಂದನೆ ಎಷ್ಟು ಹೇಯವಾಗಿತ್ತೆಂದರೆ ಅವರು ಕೆಲಕಾಲ ಅಲ್ಲಿಂದ ಹೊರನಡೆದರು. ಬಾಲ್ಯದ ನೆನಪಿನ ಹೆಸರಿನಲ್ಲಿ ನಡೆದ ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಚಿತ್ರಕ್ಕೆ ಅದರದೇ ಕುಂದುಗಳಿದ್ದವು, ಕೊನೆಯ ಭಾಗ ಗದ್ದಲದಲ್ಲಿ ಮುಳುಗುತ್ತದೆ. ಆದರೆ ಮೆಕಿನನ್ ಅವರ ಹುಚ್ಚು ಎಂಜಿನಿಯರ್ ಹೊಲ್ಟ್ಸ್‌ಮನ್, ಇಗಾನ್ ನಂತರ ಸರಣಿ ಕಂಡ ಅತ್ಯುತ್ತಮ ವಿಜ್ಞಾನಿ. ಮರ್ರಿ, ಆಯ್ಕ್ರಾಯ್ಡ್, ಹಡ್ಸನ್, ವೀವರ್, ಪಾಟ್ಸ್ ಬೇರೆ ಬೇರೆ ಸಣ್ಣ ಪಾತ್ರಗಳಲ್ಲಿ ಬಂದುಹೋದರು. ರೇಮಿಸ್ ವಿಶ್ವವಿದ್ಯಾಲಯದ ಓಣಿಯ ಒಂದು ಪ್ರತಿಮೆಯಾಗಿ ಕಾಣಿಸಿಕೊಂಡರು. ಸುಮಾರು 14.4 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 22.9 ಕೋಟಿ ಗಳಿಸಿತು. ಪ್ರಚಾರದ ಖರ್ಚು ಕಳೆದರೆ ಅದು ನಷ್ಟ. ಮುಂದಿನ ಭಾಗ ಬರಲಿಲ್ಲ.

ಐದು ವರ್ಷದ ಮೇಲೆ ಸರಣಿಯನ್ನು ಕೈಗೆತ್ತಿಕೊಂಡವರು ಐವಾನ್ ಅವರ ಮಗ ಜೇಸನ್ ರೈಟ್‌ಮನ್. ಎರಡನೆಯ ಚಿತ್ರದ ಹುಟ್ಟುಹಬ್ಬದ ದೃಶ್ಯದಲ್ಲಿ, ನೀವೆಲ್ಲ ಮೋಸಗಾರರೆಂದು ನಮ್ಮಪ್ಪ ಹೇಳುತ್ತಾರೆ ಎಂದು ರೇ ಸ್ಟ್ಯಾಂಟ್ಸ್‌ಗೆ ಹೇಳುವ ಪುಟ್ಟ ಹುಡುಗ ಅವರೇ. ‘ಜೂನೊ’ (2007) ಮುಂತಾದ ಚಿತ್ರಗಳಿಂದ ತಮ್ಮದೇ ಹಾದಿ ಕಂಡುಕೊಂಡ ಮೇಲೆ ಅವರು ತಂದೆಯ ಕಥೆಗೆ ಮರಳಿದರು. ಕೋವಿಡ್‌ನಿಂದ ತಡವಾಗಿ 2021ರ ನವೆಂಬರ್ 19ರಂದು ಬಂದ ‘ಘೋಸ್ಟ್‌ಬಸ್ಟರ್ಸ್: ಆಫ್ಟರ್‌ಲೈಫ್’ ನ್ಯೂಯಾರ್ಕ್ ಬಿಟ್ಟು ಒಕ್ಲಹೋಮಾದ ಹಳ್ಳಿಯೊಂದಕ್ಕೆ ಹೋಗುತ್ತದೆ. ಗೆಳೆಯರನ್ನೂ ಸಂಸಾರವನ್ನೂ ತೊರೆದು ಅಲ್ಲಿ ಒಂಟಿಯಾಗಿ ಬದುಕಿ ಸತ್ತ ಇಗಾನ್‌ನ ಜಮೀನಿಗೆ ಅವನ ಮಗಳು, ಮೊಮ್ಮಕ್ಕಳು ಬರುತ್ತಾರೆ. ಮಗಳಾಗಿ ಕ್ಯಾರಿ ಕೂನ್, ಮೊಮ್ಮಗನಾಗಿ ಫಿನ್ ವೂಲ್ಫ್‌ಹಾರ್ಡ್, ಶಾಲಾ ಶಿಕ್ಷಕನಾಗಿ ಪಾಲ್ ರಡ್ ನಟಿಸಿದರು. ಚಿತ್ರವನ್ನು ಹೊತ್ತವರು ಮೊಮ್ಮಗಳು ಫೀಬಿಯಾದ ಮೆಕೆನಾ ಗ್ರೇಸ್. ಗುಂಗುರು ಕೂದಲು, ದುಂಡು ಕನ್ನಡಕ, ನಗು ಬಾರದ ಮುಖದಲ್ಲಿ ಅವರು ರೇಮಿಸ್ ಅವರ ನಟನೆಯ ಲಯವನ್ನು ಅನುಕರಣೆ ಅನ್ನಿಸದಂತೆ ಹಿಡಿದರು. ಕೊನೆಯಲ್ಲಿ ರೇಮಿಸ್ ಅವರ ರೂಪವನ್ನೇ ಕಂಪ್ಯೂಟರಿನಿಂದ ಪಡೆದು ಹಳೆಯ ಮೂವರ ಪಕ್ಕ ನಿಲ್ಲಿಸಿದ್ದರ ಬಗ್ಗೆ ವಿಮರ್ಶಕರಲ್ಲಿ ಒಮ್ಮತವಿಲ್ಲ. ಸತ್ತ ನಟನ ಮುಖವನ್ನು ಬಳಸುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೂ ಆ ರೂಪಕ್ಕೆ ಮಾತು ಕೊಡದೆ ಮೌನವಾಗಿಯೇ ಇರಿಸಿದ್ದರಲ್ಲಿ ಒಂದು ಸಂಯಮವಿದೆ, ಚಿತ್ರ ರೇಮಿಸ್‌ಗೆ ಅರ್ಪಿತವಾಗಿದೆ. ಬಿಡುಗಡೆಯಾದ ಮೂರು ತಿಂಗಳೊಳಗೆ, 2022ರ ಫೆಬ್ರುವರಿ 12ರಂದು, ಐವಾನ್ ರೈಟ್‌ಮನ್ ಕೂಡ ತೀರಿಕೊಂಡರು.

ಚಿತ್ರಮಂದಿರದ ಹೊರಗೂ ಈ ಸರಣಿ ಬೇರುಬಿಟ್ಟಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2015ರಲ್ಲಿ ಮೊದಲ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿಸಿ, ಕಾಪಿಡಬೇಕಾದ ಕೃತಿಗಳ ಸಾಲಿನಲ್ಲಿಟ್ಟಿತು. ಹಲವು ದೇಶಗಳಲ್ಲಿ ಅಭಿಮಾನಿಗಳು ಊರಿನ ಹೆಸರಿನ ತಂಡಗಳನ್ನು ಕಟ್ಟಿಕೊಂಡಿದ್ದಾರೆ. ಪ್ರೋಟಾನ್ ಪ್ಯಾಕ್‌ಗಳನ್ನು ಮನೆಯಲ್ಲೇ ತಯಾರಿಸಿ, ಎದೆಯ ಮೇಲೆ ತಮ್ಮದೇ ಹೆಸರಿನ ಪಟ್ಟಿ ಹೊಲಿಸಿದ ಸಮವಸ್ತ್ರ ತೊಟ್ಟು, ಮಕ್ಕಳ ಆಸ್ಪತ್ರೆಗಳಿಗೆ ಭೇಟಿ ಕೊಡುತ್ತಾರೆ, ದಾನಕ್ಕಾಗಿ ಹಣ ಎತ್ತುತ್ತಾರೆ. ಬೇರೆ ಸರಣಿಗಳ ಅಭಿಮಾನಿಗಳು ನಾಯಕನ ವೇಷ ಹಾಕುತ್ತಾರೆ. ಇಲ್ಲಿ ಕೆಲಸಗಾರನ ಉಡುಪು ಹಾಕಿ ತಾವೇ ತಂಡದ ಇನ್ನೊಬ್ಬ ನೌಕರರಾಗುತ್ತಾರೆ. ನಾರ್ತ್ ಮೂರ್ ರಸ್ತೆಯ ಠಾಣೆಯ ಮುಂದೆ ಪ್ರವಾಸಿಗಳು ಇಂದಿಗೂ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 2001ರ ಸೆಪ್ಟೆಂಬರ್ 11ರ ದಾಳಿಯ ದಿನ ಅವಳಿ ಗೋಪುರಗಳಿಗೆ ಧಾವಿಸಿದ ದಳಗಳಲ್ಲಿ ಆ ಠಾಣೆಯವರೂ ಇದ್ದರು.

ಐದನೆಯ ಚಿತ್ರ ‘ಘೋಸ್ಟ್‌ಬಸ್ಟರ್ಸ್: ಫ್ರೋಜನ್ ಎಂಪೈರ್’ 2024ರ ಮಾರ್ಚ್ 22ರಂದು ಬಿಡುಗಡೆಯಾಯಿತು. ಗಿಲ್ ಕೆನನ್ ನಿರ್ದೇಶಿಸಿದ ಈ ಚಿತ್ರ ಐವಾನ್ ರೈಟ್‌ಮನ್‌ಗೆ ಅರ್ಪಿತ. ಗಳಿಕೆ ಹಿಂದಿನದರಂತೆಯೇ ಸುಮಾರು 20 ಕೋಟಿ ಡಾಲರ್. ಕಥೆ ನ್ಯೂಯಾರ್ಕ್‌ಗೆ ಮರಳುತ್ತದೆ. ಅಜ್ಜಿಯ ಆಸ್ತಿಯನ್ನು ಮಾರಿ ದುಡ್ಡು ಮಾಡಲು ಬಂದ ತರುಣನಾಗಿ, ಕರಾಚಿಯಲ್ಲಿ ಹುಟ್ಟಿದ ನಟ ಕುಮೈಲ್ ನಂಜಿಯಾನಿ ಹೊಸದಾಗಿ ಸೇರಿದರು. ಪೆಕ್ ಈಗ ನಗರದ ಮೇಯರ್. ಆ್ಯದರ್ಟನ್ ನಲವತ್ತು ವರ್ಷದ ಮೇಲೂ ಅದೇ ಕೆರಳಿಕೆಯಲ್ಲಿ ತಂಡವನ್ನು ಮುಚ್ಚಿಸಲು ಬರುತ್ತಾರೆ. ಪಾತ್ರಗಳು ಹೆಚ್ಚಾಗಿ ಚಿತ್ರ ಕಿಕ್ಕಿರಿದಿದೆ, ಮರ್ರಿಗೆ ಹೆಚ್ಚು ಕೆಲಸವಿಲ್ಲ. ತೂಕ ಬಂದಿರುವುದು ಹಡ್ಸನ್ ಅವರಿಗೆ. ಅಂದು ಸಂಬಳಕ್ಕಾಗಿ ಅರ್ಜಿ ಹಿಡಿದು ಬಂದಿದ್ದ ವಿನ್‌ಸ್ಟನ್ ವ್ಯಾಪಾರದಲ್ಲಿ ಗೆದ್ದು ಸಿರಿವಂತನಾಗಿದ್ದಾನೆ. ಹಳೆಯ ಅಗ್ನಿಶಾಮಕ ಠಾಣೆಯನ್ನು ಕೊಂಡು ಉಳಿಸಿದವನು, ತುಂಬಿ ಸೋರುತ್ತಿರುವ ದೆವ್ವಗಳ ತೊಟ್ಟಿಗೆ ಬದಲಾಗಿ ಹೊಸ ಸಂಶೋಧನಾ ಕೇಂದ್ರ ಕಟ್ಟಿಸಿದವನು, ಇಗಾನ್‌ನ ಸಂಸಾರಕ್ಕೆ ವಾಸಕ್ಕೂ ಕೆಲಸಕ್ಕೂ ಜಾಗ ಕೊಟ್ಟವನು ಅವನೇ. ರೇ ವಯಸ್ಸಾಯಿತೆಂಬುದನ್ನು ಮರೆತು ಅಪಾಯಕ್ಕೆ ಇಳಿದಾಗ ಅವನನ್ನು ಗದರುವವನೂ, ಖರ್ಚಿನ ಲೆಕ್ಕ ನೋಡುವವನೂ, ಕಂಪನಿ ನಡೆಯುವಂತೆ ಮಾಡುವವನೂ ವಿನ್‌ಸ್ಟನ್.